ಎರಡನೇದು

"ಎರಡನೇದು ಎದುರು ಮಾತಾಡ್ತದಂತ ಯಾರಿಗಂದ್ರಿ? ಈಗ ಬಾಯಿ ಬಿಡ್ರಿ!"

ಮೌನೇಶ್ವರಿ ಗಂಡನ ಕಿವಿಯ ಮೇಲಿದ್ದ ಹೆಡ್‌ಫೋನ್ ಕಿತ್ತು ಮಂಚದ ಮೇಲೆ ಒಗೆದಳು. ಅಂಬರೀಶ ಕುರ್ಚಿಯಿಂದ ಜಿಗಿದೆದ್ದ.

"ಹುಚ್ಚ ಹಿಡದದೇನು ನಿನಗ? ಆಟದ ಮಾತದು!"

"ಸುಳ್ಳ ಹೇಳಬ್ಯಾಡ್ರಿ. ನನ್ನ ಕಿವಿ ಇನ್ನಾ ಗಟ್ಟಿ ಅದಾವ."

ಶಕ್ತಿನಗರದ ಆ ಕ್ವಾರ್ಟರ್ಸಿಗೆ ಅವಳು ಬಂದು ವರ್ಷ ತುಂಬಿರಲಿಲ್ಲ. ಮೊದಲ ಹೆಂಡತಿ ಕನಕಮ್ಮ ತೀರಿಕೊಂಡಿದ್ದಳು. ಮಸರಕಲ್ಲಿನಲ್ಲಿ ಮೌನೇಶ್ವರಿಗೆ ತವರೆಂಬುದು ಉಳಿದಿರಲಿಲ್ಲ. ಈ ಮನೆಯಲ್ಲಿ ಜಾಗವಿಲ್ಲವೆಂದರೆ ಮತ್ತೆಲ್ಲಿಯೂ ಇಲ್ಲ. ಅಂಥದರಲ್ಲಿ ಅಡುಗೆಮನೆಗೆ ಗಂಡನ ಮಾತು ತೇಲಿ ಬಂದಿತ್ತು: "ಮೊದಲನೇದ ಛಲೋ ಇತ್ತಲೇ. ಎರಡನೇದು ನೋಡಾಕ ಚೆಂದ ಅದ, ಖರೇ. ಆದ್ರ ಒಂದು ಹೇಳಿದ್ರ ನಾಕು ಎದುರು ಮಾತಾಡ್ತದ."

ಆ ಸೀಮೆಯಲ್ಲಿ ಹೆಂಡತಿಯೂ 'ಅದು', ಆಟವೂ 'ಅದು'.

ಅಂಬರೀಶ ಅವಳನ್ನು ರಟ್ಟೆ ಹಿಡಿದು ಕಂಪ್ಯೂಟರ್ ಮುಂದೆ ಕೂರಿಸಿದ. "ನೋಡಿಲ್ಲೆ. 'ಕೋಟೆಗಾರ' ಅಂತ ಆಟ, ಇದು ಎರಡನೇ ಭಾಗ. ರಾಯಚೂರು ಕೋಟಿಗೆ ಮುತ್ತಿಗಿ ಹಾಕೋದು. ರಾಜನ ಕಡೆ ಒಬ್ಬ ಮಂತ್ರಿ ಅದಾನ. ದಂಡು ಕಳಿಸು ಅಂದ್ರ ಬ್ಯಾಡ ಅಂತಾನ. ತೆರಿಗಿ ಏರಿಸು ಅಂದ್ರ ಜನ ತಿರುಗಿ ಬೀಳ್ತಾರ ಅಂತಾನ. ಅಂವಂದು ಹೇಳಿದೆ, ಯವ್ವಾ!"

ಪರದೆಯ ಮೇಲೆ ಕಪ್ಪು ಕಲ್ಲಿನ ಕೋಟೆ, ಅದರಾಚೆ ಕೃಷ್ಣೆ. ಅವಳಿಗೆ ಆಟ ತಿಳಿಯದು. ನಂಬದೆ ಬೇರೆ ದಾರಿಯೂ ಇರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆ ಮಂತ್ರಿ ನನಗಿಂತ ಜೋರದಾನೇನ್ರಿ?"

"ನಿನ್ನ ಮುಂದ ಅಂವ ಕೂಸು!" ಅಂಬರೀಶ ನಕ್ಕ. ಬಿಸಿ ಮಿರ್ಚಿ ತರುತ್ತೇನೆಂದು ಚಪ್ಪಲಿ ಮೆಟ್ಟಿ ಓಡಿದ. ಫೋನು ಮೇಜಿನ ಮೇಲೆಯೇ ಉಳಿಯಿತು.

ಅದು ರಿಂಗಾಯಿತು. ಮಾನ್ವಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಯಲ್ಲಾಲಿಂಗ; ಗಂಡನ ಆಟದ ಜೊತೆಗಾರ.

"ಅಂಬರೀಶ ಎಲ್ಲಿ, ವೈನಿ? ಮಾತಾಡಾಕತ್ತಾಂವ ಒಮ್ಮೆಗೇ ಕಟ್ಟಾದ."

"ಮಿರ್ಚಿಗೆ ಹೋಗ್ಯಾರ." ಅವಳ ದನಿಯಲ್ಲಿ ಈಗ ನಗುವಿತ್ತು. "ಯಲ್ಲಾಲಿಂಗಣ್ಣ, ನಿಮ್ಮ ಎರಡನೇ ಕೋಟೆಗಾರ ಹ್ಯಾಂಗದ? ನನಗೂ ಹೇಳ್ರಲಾ."

ಯಲ್ಲಾಲಿಂಗ ಉಬ್ಬಿ ಹೋದ. "ಬಣ್ಣ ಅಂದ್ರ ಬಣ್ಣ, ವೈನಿ! ಹೊಳಿ ಖರೇ ಹೊಳಿ ಹರದಂಗ ಹರೀತದ. ಆನಿ ನಡದ್ರ ಧೂಳು ಏಳ್ತದ. ತೋಪು ಭಾಳ ಛಲೋ ಮಾಡ್ಯಾರ. ಆದ್ರ ಆಟ ಸಪ್ಪಗ ಅದ."

"ಯಾಕ್ರೀ?"

"ನಾವು ಏನು ಹೇಳಿದ್ರೂ ಎಲ್ಲಾರೂ ಹೂಂ ಅಂತಾರ. ಮೊದಲನೇದರಾಗ ಎದುರು ಮಾತಾಡೋ ಮಂತ್ರಿ ಇದ್ದ. ಎರಡನೇದರಾಗ ಅಂವನ್ನ ತಗದ ಬಿಟ್ಟಾರ."

ಮೌನೇಶ್ವರಿ ಫೋನು ಕೆಳಗಿಟ್ಟು ಹೊಸ್ತಿಲು ದಾಟಿದಳು. ಮತ್ತೆ ಆ ಮನೆಗೆ ಬರಲಿಲ್ಲ.