ಒಂದು ಕಡೆ ದಪ್ಪ, ಒಂದು ಕಡೆ ಸಪೂರ

ಕಾಸರಕೋಡ ಇನ್ನೇನು ಬಂತು ಅನ್ನುವಾಗ ಲಾರಿ ಠುಸ್ಸೆಂದಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಮಾಬ್ಲೇಶ್ವರ ಸ್ಟಿಯರಿಂಗಿಗೆ ಹಣೆ ಚಚ್ಚಿಕೊಂಡ.

“ಎಂತ ಮಗಾ, ಮತ್ತೆ ಹೋತಾ?” ಎಂದಳು ತಾಯಿ ಮಾಸ್ತಮ್ಮ. ಎಲೆಯಡಿಕೆಯ ಹರಿವಾಣ ಮಡಿಲಲ್ಲಿಟ್ಟುಕೊಂಡು ಭಟ್ಕಳದಿಂದ ಅವನ ಪಕ್ಕದಲ್ಲೇ ಕುಲುಕುತ್ತ ಬಂದಿದ್ದಳು.

ಹೋಗಿತ್ತು. ಇಂಜಿನ್ನಿನಿಂದ ರೇಡಿಯೇಟರಿಗೆ ನೀರು ಹಾಯಿಸುವ ಪೈಪು ಒಡೆದಿತ್ತು. ಚಪ್ಪಲಿ ಹೊಲಿಯುವವನ ಕೈಕಾಲು ಹಿಡಿದು ತೊಗಲಿನಲ್ಲಿ ಹೊಲಿಸಿದ್ದ ಪೈಪು ಅದು. ಬೆಂದು ನಾರುತ್ತಿತ್ತು.

ತಪ್ಪು ಪೈಪಿನದಲ್ಲ. ಲಾರಿ ಅಮೆರಿಕದ್ದು, ಹಳೆಯದು. ಅದರ ಇಂಜಿನ್ ಸತ್ತಾಗ ಮಾಬ್ಲೇಶ್ವರ ಯುದ್ಧ ಮುಗಿದ ಮರುವರ್ಷ ಬೆಳಗಾವಿಯ ಮಿಲಿಟರಿ ಹರಾಜಿನಲ್ಲಿ ವಿಲಾಯತಿ ಇಂಜಿನ್ ಹಿಡಿದು ತಂದು ಕೂರಿಸಿದ್ದ. ಇಂಜಿನ್ನಿನ ಬಾಯಿ ದಪ್ಪ, ರೇಡಿಯೇಟರಿನ ಬಾಯಿ ಸಪೂರ, ಎರಡೂ ಒಂದಕ್ಕೊಂದು ಎದುರಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಸಪೂರ, ನಡುವೆ ಡೊಂಕು. ಅಂಥ ರಬ್ಬರ್ ಪೈಪು ಪ್ರಪಂಚದಲ್ಲೇ ಒಂದಿತ್ತು. ಅದು ಹೋದ ತಿಂಗಳು ಇದೇ ಕಾಸರಕೋಡದಲ್ಲಿ ಸೀಳಿತ್ತು.

ಲಾರಿ ನಿಂತರೆ ನಿಲ್ಲಲಿ, ನಾಗಿ ಕೈತಪ್ಪುತ್ತಿದ್ದಳಲ್ಲ! ಕುಮಟೆಯ ನಾಗಪತಿಯ ಮಗಳು ಅವಳು. ಹೆಣ್ಣು ಕೇಳಲು ಹೋದಾಗ ನಾಗಪತಿ ಸಿಟ್ಟಾಗಿರಲಿಲ್ಲ. ಬೆಲ್ಲ ನೀರು ಕೊಟ್ಟು ಕೂರಿಸಿ ಹೇಳಿದ್ದ: “ದಾರೀಲಿ ನಿಲ್ಲೋ ಗಾಡಿಯವನಿಗೆ ಹೆಣ್ಣು ಹ್ಯಾಂಗೆ ಕೊಡೂದು ಮಾರಾಯ? ಎತ್ತು ಕಟ್ಟದೆ ಒಂದೇ ಒಂದು ಸಲ ಲಾರಿ ನನ್ನ ಅಂಗಳಕ್ಕೆ ತಂದು ನಿಲ್ಸು. ನಾಗಿ ನಿನ್ನವಳು.” ಶರಾವತಿ ದಾಟಿಸುವ ಜೋಡಿದೋಣಿ ಎತ್ತಿನ ಲೆಕ್ಕಕ್ಕಿಲ್ಲ ಎಂದೂ ದೊಡ್ಡ ಮನಸ್ಸಿನಿಂದ ಒಪ್ಪಿದ್ದ. ಗಡುವು ಹೋಳಿ ಹುಣ್ಣಿಮೆಯ ಸಂಜೆ. ತಪ್ಪಿದರೆ ಮರುದಿನ ಕಚೇರಿಯ ಗುಮಾಸ್ತ ಶಿವನ ಜೊತೆ ನಾಗಿಯ ವೀಳ್ಯ.

ಇವತ್ತು ಹುಣ್ಣಿಮೆ.

ಹೋದ ತಿಂಗಳು ಪೈಪು ಸೀಳಿದಾಗಲೂ ನಾಗಪತಿಯದು ಅಂತಃಕರಣವೇ. ಸುದ್ದಿ ಮುಟ್ಟಿದ್ದೇ ಹೊಳೆ ದಾಟಿ ಬಂದು ಮಾಬ್ಲೇಶ್ವರನಿಗಿಂತ ಹೆಚ್ಚು ಹಲುಬಿದ. ಲಾರಿ ಎಳೆಯಲು ಎತ್ತು ಗೊತ್ತುಮಾಡಿಕೊಟ್ಟ. ಸೀಳಿದ ಪೈಪನ್ನು ತಾನೇ ಪಂಚೆಯಲ್ಲಿ ಸುತ್ತಿಕೊಂಡು, ಮುಂಬಯಿಗೆ ಹೋಗುವವರ ಕೈಯಲ್ಲಿ ಮಾದರಿ ಕಳಿಸುತ್ತೇನೆ, ಅಲ್ಲಿ ಸಿಗದ್ದುಂಟೇ ಎಂದ. ಇಂಥ ಮಾವ ಸಿಗಲು ಏಳು ಜನ್ಮದ ಪುಣ್ಯ ಬೇಕು ಎಂದುಕೊಂಡ ಮಾಬ್ಲೇಶ್ವರ. ಮುಂಬಯಿಯಿಂದ ಏನೂ ಬರಲಿಲ್ಲ.

ಆಮೇಲೆ ಅವನಿಗೆ ಹಿಡಿದದ್ದು ಪೈಪಿನ ಹುಚ್ಚು. ಭಟ್ಕಳದ ಸೈಕಲ್ ಅಂಗಡಿಗಳನ್ನು ಜಾಲಾಡಿದ. ಬೆಳಕೆಯ ಮೀನುಗಾರರು ಹಾಯಿಬಟ್ಟೆಗೆ ಡಾಂಬರು ಬಳಿದು ಕೊಟ್ಟರು, ಕರಗಿತು. ಬಿದಿರು ಸೀಳಿತು. ಒಂದು ದಿನ ಯಾರೂ ನೋಡದಂತೆ ಪಡವಲಕಾಯಿಯನ್ನೂ ಕಟ್ಟಿ ನೋಡಿದ. ಹುಳಿಯ ವಾಸನೆ ಬಂತೇ ಹೊರತು ಲಾರಿ ಹಂದಲಿಲ್ಲ.

“ಇನ್ನು ನಿನ್ನಿಂದ ಆಗೂದಲ್ಲ. ಜಟಗನಿಗಾದರೂ ಒಂದು ಹೂ ಇಟ್ಟು ಬಪ್ಪ,” ಎಂದು ಮಾಸ್ತಮ್ಮ ಇಳಿದಳು.

ಆ ದಾರಿ ಕಾಯುವ ದೇವರು ಜಟಗ. ರಸ್ತೆಬದಿಯ ಮರದಡಿ ಒಂದು ಕಲ್ಲು, ಮೇಲೊಂದು ಹಂಚಿನ ಮಾಡು. ಸುತ್ತ ಹರಕೆ ತೀರಿಸಿದವರ ವಸ್ತುಗಳು: ಕಣ್ಣುಬೇನೆ ವಾಸಿಯಾದವರ ಬೆಳ್ಳಿಕಣ್ಣು, ಮುರಿದ ಕಾಲು ಕೂಡಿದವರ ಹಿತ್ತಾಳೆ ಕಾಲು, ಮುಳುಗದೆ ಬಂದವರ ಮರದ ದೋಣಿ. ಕೈಮುಗಿದು ತಲೆಯೆತ್ತಿದ ಮಾಬ್ಲೇಶ್ವರ ಹಾಗೇ ನಿಂತ. ದೋಣಿಯ ಪಕ್ಕ ಒಂದು ತಾಮ್ರದ ಕೊಳವೆ ತೂಗುತ್ತಿತ್ತು. ಒಂದು ಕಡೆ ದಪ್ಪ. ಒಂದು ಕಡೆ ಸಪೂರ. ನಡುವೆ ಡೊಂಕು.

ಓಡಿಹೋಗಿ ತೊಗಲಿನ ಪೈಪು ತಂದು ಪಕ್ಕಕ್ಕೆ ಹಿಡಿದ. ಕೂದಲೆಳೆಯ ವ್ಯತ್ಯಾಸವಿಲ್ಲ. ಇದೆಂತದು ಎಂದು ಕೂಗಿದ.

“ಅದಾ? ಯಾರದೋ ಕರುಳು,” ಎಂದ ಪೂಜೆಯ ಬೀರ ಗುನಗ. “ಹೊಟ್ಟೆನೋವು ಗುಣ ಆಗಿರಬೇಕು.”

ಯಾರು ಕೊಟ್ಟದ್ದೆಂದು ಮಾಸ್ತಮ್ಮ ಕೇಳಿದಳು. ಹರಕೆಯವರ ಹೆಸರು ಬಾಯಿಬಿಟ್ಟರೆ ಜಟಗ ತನ್ನ ಕರುಳು ತೆಗೆಯುತ್ತಾನೆ ಎಂದ ಬೀರ. ದೇವರ ವಸ್ತು ಬೇಕಿದ್ದರೆ ದೇವರನ್ನೇ ಕೇಳಬೇಕು. ಕಲ್ಲಿಗೆ ಒದ್ದೆ ಹೂ ಅಂಟಿಸಿದ. ಬಲಕ್ಕೆ ಬಿದ್ದರೆ ಕೊಟ್ಟ, ಎಡಕ್ಕೆ ಬಿದ್ದರೆ ಇಲ್ಲ.

ಹೂ ಅಲ್ಲಾಡಲಿಲ್ಲ. ಮಾಬ್ಲೇಶ್ವರ ಬೆಳ್ಳಿಯ ಕೊಳವೆ ಮಾಡಿಸಿಕೊಡುತ್ತೇನೆ ಎಂದ. ಅಲ್ಲಾಡಲಿಲ್ಲ. ಲಾರಿಯನ್ನೇ ಬೆಳ್ಳಿಯಲ್ಲಿ ಎಂದು ಬಾಯಿ ತೆರೆದದ್ದೇ ಮಾಸ್ತಮ್ಮ ಅವನ ತೊಡೆ ಚಿವುಟಿದಳು. ಹೂ ಬಲಕ್ಕೆ ಬಿತ್ತು.

ಎರಡು ತುದಿಗೂ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ತಂತಿ ಬಿಗಿದು, ನೀರು ತುಂಬಿ ಹ್ಯಾಂಡಲ್ ತಿರುಗಿಸಿದ. ಹನಿ ನೀರು ಸೋರಲಿಲ್ಲ. ಜೋಡಿದೋಣಿಯ ಮೇಲೂ ಅವನಿಗೆ ಇಂಜಿನ್ ನಿಲ್ಲಿಸಲು ಮನಸ್ಸಾಗಲಿಲ್ಲ. ಹೊನ್ನಾವರ ಪೇಟೆಯಲ್ಲಿ ಕಾರಣವಿಲ್ಲದೆ ಹಾರನ್ ಬಾರಿಸಿದ. ಮಾಸ್ತಮ್ಮ ಕಂಡಕಂಡವರಿಗೆಲ್ಲ ಹರಿವಾಣ ಎತ್ತಿ ತೋರಿಸಿದಳು. ತಾಯಿ ಮಗ ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ.

ಹೊತ್ತು ಮುಳುಗುವ ಮೊದಲು ಲಾರಿ ನಾಗಪತಿಯ ಅಂಗಳದಲ್ಲಿತ್ತು. ನಾಗಪತಿ ಸುತ್ತ ಬಂದು ಹಗ್ಗ ಹುಡುಕಿದ. ರಸ್ತೆಗಿಳಿದು ಗೊರಸಿನ ಗುರುತು ಹುಡುಕಿದ. ಕೊನೆಗೆ ಬಾನೆಟ್ ತೆಗೆಸಿದ.

ತಾಮ್ರ ಫಳಫಳ ಹೊಳೆಯಿತು. ಎಲ್ಲಿ ಸಿಕ್ಕಿತೆಂದು ಕೇಳಿದ. ಹೂ ಬಲಕ್ಕೆ ಬಿದ್ದದ್ದನ್ನೂ ಬಿಡದೆ ಮಾಬ್ಲೇಶ್ವರ ಎಲ್ಲ ಹೇಳಿದ. ನಾಗಪತಿಯ ಮುಖದ ರಕ್ತ ಇಳಿಯಿತು. ತಲೆಯ ವಸ್ತ್ರ ತೆಗೆದು, ಇಂಜಿನ್ನಿಗೆ ಕೈಮುಗಿದು, ಎರಡೂ ಕೆನ್ನೆಗೆ ಪಟಪಟ ಹೊಡೆದುಕೊಂಡ.

“ಆತು,” ಎಂದ. “ನಾಳಿನ ವೀಳ್ಯ ನಿಂಗೇ.”

ಒಳಗೆ ನಾಗಿ ನಕ್ಕದ್ದು ಹೊರಗೆ ಕೇಳಿಸಿತು. ಎಂಥ ದೈವಭಕ್ತ ಬೀಗ ಸಿಕ್ಕಿದ ಎಂದು ಮಾಸ್ತಮ್ಮ ಕಣ್ಣೊರೆಸಿಕೊಂಡಳು.

ಆ ಲಾರಿ ಕುಮಟೆ ಮುಟ್ಟದೆ ನಿಂತುಹೋಗಲಿ, ಕೆಟ್ಟ ಅಂಗವನ್ನು ಅಳತೆ ತಪ್ಪದೆ ತಾಮ್ರದಲ್ಲಿ ಮಾಡಿಸಿ ಒಪ್ಪಿಸುತ್ತೇನೆ ಎಂದು ಜಟಗನಿಗೆ ಹರಕೆ ಹೊತ್ತು, ಹೋದ ತಿಂಗಳೇ ಅದನ್ನು ತೀರಿಸಿ ಬಂದಿದ್ದವನು ನಾಗಪತಿ.