ಹದಿನೈದು ಇಂಚು ಚಿಲ್ಲರೆ

ಕಾರಿನ ಹೊಸ ರಿಮ್ಮಿಗೆ ಹಳೆಯ ಟಾಯರು ಮೂರನೆಯ ಸಲವೂ ಏರಲಿಲ್ಲ. ಕುಳಗೇರಿ ಕ್ರಾಸಿನ ಪಂಕ್ಚರ್ ಅಂಗಡಿಯ ಕಲ್ಲಪ್ಪ ಕೈಯಲ್ಲಿದ್ದ ಕಬ್ಬಿಣದ ಪಟ್ಟಿ ಕೆಳಗಿಟ್ಟು, “ಇದು ಒಂದಿಂಚು ದೊಡ್ಡದೈತ್ರಿ ಮಾಸ್ತರ” ಎಂದ.

“ಹೆಂಗ ದೊಡ್ಡದು? ಬಿರುಕು ಬಿಟ್ಟ ಹಳೀ ರಿಮ್ ನಾನ ಅಳದು ಇದನ್ನ ತರಿಸೇನಿ. ಹದಿನೈದು ಇಂಚು ಚಿಲ್ಲರ!” ವಿಜ್ಞಾನ ಕಲಿಸುವ ಅಂದಪ್ಪ ಮಾಸ್ತರರ ದನಿ ಏರಿತು. ಪ್ಲಾಸ್ಟರು ಹಾಕಿದ ಕಾಲು ಚಾಚಿ ಬೆಂಚಿನ ಮೇಲೆ ಕೂತಿದ್ದ ಹೆಂಡತಿ ಸಿದ್ದಲಿಂಗವ್ವನನ್ನು ಅವರು ಹನ್ನೊಂದರೊಳಗೆ ಬಾಗಲಕೋಟೆಯ ದವಾಖಾನೆಗೆ ಮುಟ್ಟಿಸಬೇಕಿತ್ತು. ಪ್ಲಾಸ್ಟರು ಬಿಚ್ಚುವ ಡಾಕ್ಟರು ಬರುವುದು ವಾರಕ್ಕೊಮ್ಮೆ ಮಾತ್ರ.

“ಎಲ್ಲಿ ಹಿಡದು ಅಳದ್ರಿ?”

ಮಾಸ್ತರರು ಹಳೆಯ ರಿಮ್ಮಿನ ಹೊರ ಅಂಚಿಗೆ ಟೇಪು ಹಿಡಿದು ತೋರಿಸಿದರು. ಕಲ್ಲಪ್ಪ ಟೇಪಿನ ಎರಡೂ ಕಡೆಯನ್ನು ಅಂಚಿನಿಂದ ಒಳಕ್ಕೆ, ಟಾಯರು ಕೂರುವ ಜಾಗಕ್ಕೆ ಸರಿಸಿದ. ಸರಿಯಾಗಿ ಹದಿನಾಲ್ಕು.

“ಅಳತಿ ಟಾಯರಿನ ಮ್ಯಾಲೂ ಬರದಿರ್ತದ್ರಿ.”

“ಬರದದ್ದು ಓದೂದು ಅವರಿಗೆ ಸೇರೂದಿಲ್ಲ ತಮ್ಮಾ. ತಾವ ಅಳೀಬೇಕು” ಎಂದಳು ಸಿದ್ದಲಿಂಗವ್ವ.

ಬಾಗಲಕೋಟೆಯ ಬಸ್ಸು ಬಂದು ನಿಂತಿತು. ಮಾಸ್ತರರು ಹೊರ ಅಂಚನ್ನು ಮತ್ತೊಮ್ಮೆ ಅಳೆಯುತ್ತಿದ್ದರು. ಸಿದ್ದಲಿಂಗವ್ವ ಕಲ್ಲಪ್ಪನ ಹೆಗಲು ಹಿಡಿದು ಎದ್ದು, ಕುಂಟುತ್ತ ಬಸ್ಸಿನ ಕಡೆ ನಡೆದಳು.