ಎಡಗೈ ಕಟ್ಟಿದ ಒಂದು ತಾಸು

ಕುಸುಬಿ ಎಣ್ಣೆ ಕಾಯುವ ವಾಸನೆ ಬಂದರೆ ಇಂದಿಗೂ ಲಚ್ಯಾಣದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಲಕ್ವಾ ಹೊಡೆದು ಅವ್ವನ ಬಲಗೈ ಸ್ವಾಧೀನ ತಪ್ಪಿ ಮೂರು ತಿಂಗಳಾಗಿತ್ತು. ದಿನಕ್ಕೊಂದು ತಾಸು ಅವಳ ಎಡಗೈ ಕಟ್ಟಿಡಿ, ಆಗ ಬಲಗೈ ಕೆಲಸ ಕಲಿಯುತ್ತದೆ ಎಂದು ವ್ಯಾಯಾಮ ಮಾಡಿಸಲು ಇಂಡಿ ಪಟ್ಟಣದಿಂದ ಬರುತ್ತಿದ್ದ ಡಾಕ್ಟರ್ ಹೇಳಿದ್ದರು. ಹತ್ತು ವರ್ಷದ ನನ್ನ ಪಾಲಿಗೆ ಆ ಕೆಲಸ ಬಂತು. ಬಿಸಿ ಎಣ್ಣೆ ಹಚ್ಚಿ ಬಲಗೈ ತಿಕ್ಕಿದೆ. ಹಳೆಯ ಸೀರೆಯ ಮೆತ್ತನೆಯ ತುಂಡಿನಿಂದ ಎಡಗೈಯನ್ನು ಸೊಂಟಕ್ಕೆ ಕಟ್ಟಿ, ಎದುರಿಗೆ ನೀರಿನ ಗ್ಲಾಸು ಇಟ್ಟೆ.

ಬೆರಳುಗಳು ಗ್ಲಾಸಿಗೆ ತಾಗುತ್ತಿದ್ದವು, ಮಡಚಿಕೊಳ್ಳುತ್ತಿರಲಿಲ್ಲ. ಗ್ಲಾಸು ಮೂರು ಸಲ ಉರುಳಿತು. ಮೂರು ಸಲವೂ ನಾನೇ ನೆಲ ಒರೆಸಿದೆ.

“ನೀರಡಿಕಿ ಆಗೈತಿ, ಕೈ ಬಿಚ್ಚ ಬೇ,” ಅಂದಳು ಅವ್ವ.

“ಇನ್ನೂ ತಾಸ ಆಗಿಲ್ಲ.”

ಅಡುಗೆಮನೆಯಿಂದ ಅಜ್ಜಿ ಕೂಗಿ ಹೇಳಿದಳು: “ನೀನ ಕುಡಿಸಬಾರದೇನ? ಹೆತ್ತಾಕಿ ಮ್ಯಾಲ ಕನಿಕರ ಇಲ್ಲೇನ ನಿನಗ?”

ಅಜ್ಜಿಗೆ ಎದುರಾಡಲಾಗದ ಸಿಟ್ಟನ್ನು ಅವ್ವನ ಮೇಲೆ ತೀರಿಸಿದೆ. “ನೀ ಮನಸಿಟ್ಟು ಮಾಡೂದ ಇಲ್ಲ. ಸುಮ್ಮ ಕೈ ಆಡಸ್ತಿ.”

ಅವ್ವನ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಅವಳಿಗೆ ಒಂದು ಕೈಯೂ ಇರಲಿಲ್ಲ. ನಾನು ಗಾಬರಿಯಾಗಿ ಗಂಟು ಬಿಚ್ಚಲು ಹೋದೆ.

“ಇರಲಿ, ಬಿಡು,” ಅಂದಳು. ಮುಖವನ್ನು ಭುಜಕ್ಕೆ ಒರೆಸಿಕೊಂಡು, ನನ್ನತ್ತ ನೋಡದೆ, ಉರುಳಿಬಿದ್ದ ಗ್ಲಾಸನ್ನು ಬಲಗೈಯಿಂದ ನನ್ನ ಕಡೆ ದೂಡಿದಳು.

“ತುಂಬಕೊಂಡ ಬಾ. ಈ ಸಲ ಅರ್ಧಾ ಅಷ್ಟ ತುಂಬು.”